ನಮ್ಮ ಹಳ್ಳ ಶಿವರಾತ್ರಿಗೇ ನಿಲ್ಲುತ್ತಿದೆ: ಬೆಟ್ಟದ ಕೆಲಸ ಎಲ್ಲಿಂದ ಶುರು ಮಾಡೋದು?

ಬೆಟ್ಟದಂಚು · ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಪಡುವಣಕ್ಕಿರುವ ಸಣ್ಣ ಕೇರಿ. ಮೇಲೆ ಬೆಟ್ಟ, ಕೆಳಗೆ ಅಡಿಕೆ ತೋಟ, ತೋಟದ ನಡುವೆ ಹಳ್ಳ. ಈ ಹಳ್ಳ ಇಳಿದು ಹೋಗಿ ಅಘನಾಶಿನಿ ಸೇರುತ್ತದೆ. ಮೊದಲೆಲ್ಲ ಮೇ ತಿಂಗಳಲ್ಲೂ ಹರಿವು ಇರುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಈಗ ಶಿವರಾತ್ರಿ ಹೊತ್ತಿಗೆ ಹರಿವು ನಿಂತು ಗುಂಡಿಗಳಲ್ಲಿ ಮಾತ್ರ ನೀರು. ಹೋಳಿ ಹುಣ್ಣಿಮೆ ಕಳೆದರೆ ಅದೂ ಇಲ್ಲ. ಮಳೆ ಕಮ್ಮಿಯಾಗಿದೆ ಅನ್ನೋಣ ಅಂದರೆ, ಆಷಾಢದಲ್ಲಿ ಹೊಡೆಯುವ ಮಳೆಗೆ ತೋಟದ ಮಣ್ಣೇ ಕೊಚ್ಚಿ ಹೋಗುತ್ತಿದೆ.

ಕೇರಿಯವರೆಲ್ಲ ಸೇರಿ ಭಾನುವಾರ ಶ್ರಮದಾನ ಮಾಡುವುದು ಅಂತ ಮಾತಾಗಿದೆ. ಹುಡುಗರು ಹುರುಪಿನಲ್ಲಿದ್ದಾರೆ. ಆದರೆ ಒಬ್ಬೊಬ್ಬರದು ಒಂದೊಂದು ರಾಗ. ಒಬ್ಬರು ಇಂಗುಗುಂಡಿ ಅನ್ನುತ್ತಾರೆ, ಇನ್ನೊಬ್ಬರು ಗಿಡ ನೆಡೋಣ ಅನ್ನುತ್ತಾರೆ, ಮತ್ತೊಬ್ಬರಿಗೆ ಚೆಕ್ ಡ್ಯಾಮೇ ಬೇಕು. ಮೃಗಶಿರ ಮಳೆ ಹಿಡಿಯುವುದರೊಳಗೆ ಏನಾದರೂ ಆಗಬೇಕು. ಮಾಡಿ ನೋಡಿದವರು ಹೇಳಿ.

ದೂರದ ಶಿರಸಿಗ · ಬೆಂಗಳೂರು

ಒಳ್ಳೆ ಕೆಲಸ ಅಣ್ಣ. ನಮ್ಮ ಆಫೀಸಿನಲ್ಲಿ ಊರ ಕಡೆಯವರು ಸುಮಾರು ಜನ ಇದ್ದೇವೆ. ಜೂನ್‌ನಲ್ಲಿ ಒಂದು ಶನಿವಾರ ಬಸ್ ಮಾಡಿಕೊಂಡು ಬರುತ್ತೇವೆ. ಸಾವಿರ ಗಿಡ ನಮ್ಮ ಖರ್ಚು. ಬೀಜದುಂಡೆಯನ್ನೂ ಮಾಡಿ ತರಬಹುದು. ನೀವು ಜಾಗ ತೋರಿಸಿದರೆ ಸಾಕು.

ಕಾನಮನೆ · ಸಿದ್ದಾಪುರ

ಬನ್ನಿ ತಮ್ಮಾ, ಬೇಡ ಅನ್ನುವುದಿಲ್ಲ. ಆದರೆ ಗಿಡ ತರಬೇಡಿ. ಹಾರೆ ತನ್ನಿ.

ನಮ್ಮ ಬೆಟ್ಟಕ್ಕೆ ಬೀಜದ ಬರ ಇಲ್ಲ. ಹಕ್ಕಿ, ಮಂಗ, ಬಾವಲಿ ಎಲ್ಲ ಸೇರಿ ಬಿತ್ತುತ್ತಲೇ ಇರುತ್ತವೆ. ಮೊದಲ ಮಳೆಗೆ ಕಾಲಿಟ್ಟಲ್ಲೆಲ್ಲ ಸಸಿ ಏಳುತ್ತದೆ. ಅದು ಬದುಕುವುದಿಲ್ಲ, ಅಷ್ಟೇ. ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಬೆಂಕಿ ಬೀಳದಿದ್ದ ಕಡೆ ದರಕು (ಉದುರಿದ ಒಣ ಎಲೆ) ಗುಡಿಸುವಾಗ ಸಸಿಯೂ ಕಿತ್ತು ಬರುತ್ತದೆ. ಅಲ್ಲೂ ಉಳಿದಿದ್ದು ಸೊಪ್ಪಿನ ಕತ್ತಿಗೆ ಸಿಗುತ್ತದೆ. ಹೀಗಿರುವಾಗ ನೀವು ಸಾವಿರ ಗಿಡ ತಂದು ನೆಟ್ಟರೆ ಅದಕ್ಕೂ ಇದೇ ಗತಿ.

ನಾವು ನಮ್ಮ ಕಡೆ ಮಾಡಿದ್ದು ಇಷ್ಟೇ. ಹಳ್ಳದ ಎರಡೂ ಬದಿಗೆ ಇಪ್ಪತ್ತು ಮಾರು ಜಾಗ ಬಿಟ್ಟೆವು. ಅಲ್ಲಿ ಸೊಪ್ಪು ಕಡಿಯುವುದಿಲ್ಲ, ದರಕು ಗುಡಿಸುವುದಿಲ್ಲ, ದನ ಬಿಡುವುದಿಲ್ಲ. ಮೇಲುಗಡೆ ಬೆಂಕಿ ಬರದ ಹಾಗೆ ಜನವರಿಯಲ್ಲೇ ಒಂದು ಗೆರೆ ಗುಡಿಸಿ ಇಡುತ್ತೇವೆ. ನೆಡುವುದಿದ್ದರೆ ಹಳ್ಳದ ಅಂಚಿನ ಖಾಲಿ ಜಾಗದಲ್ಲಿ ಮಾತ್ರ: ರಾಮಪತ್ರೆ, ಹೊಳೆಮತ್ತಿ, ಉಪ್ಪಾಗೆ, ಮುರುಗಲು, ಬೆತ್ತ, ಕೇದಿಗೆ. ಅಪ್ಪೆಮಿಡಿಯನ್ನೂ ಹಾಕಿ. ಅಘನಾಶಿನಿ ದಂಡೆಯ ಅಪ್ಪೆ ಮರಗಳನ್ನು ಮಿಡಿ ಕೊಯ್ಯುವ ಆಸೆಗೆ ಟೊಂಗೆ ಸಮೇತ ಕಡಿದು ಮುಗಿಸಿದ್ದೇವೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡರಲ್ಲ, ಅವರು ಉಳಿಸಲು ಹೋಗಿದ್ದು ಸಹಜ ಕಾಡನ್ನು. ಗಿಡ ನೆಡುವ ಕಾರ್ಯಕ್ರಮಕ್ಕಲ್ಲ. ಆ ಅಪ್ಪಿಕೊ ಚಳವಳಿಯವರ ಮಾತಿನಲ್ಲಿ ‘ಉಳಿಸು’ ಮೊದಲು, ‘ಬೆಳೆಸು’ ಆಮೇಲೆ, ‘ಬಳಸು’ ಕೊನೆಗೆ. ನಾವು ಕೊನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ.

ಅಡಿಕೆ ಭಾವ · ಶಿರಸಿ

ಕಾನಮನೆ ಭಾವ, ಹೇಳುವುದು ಚೆಂದ. ದರಕು ಗುಡಿಸಬೇಡಿ ಅಂದರೆ ಕೊಟ್ಟಿಗೆಗೆ ಏನು ಹಾಸುವುದು? ತೋಟಕ್ಕೆ ಏನು ಹಾಕುವುದು? ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ (ಸೊಪ್ಪು, ದರಕು ತರುವ ಕಾಡು) ಅಂತ ಬ್ರಿಟಿಷರ ಕಾಲದಿಂದ ನಮಗೆ ಸವಲತ್ತು ಇದೆ. ಅದು ಸುಮ್ನೆ ಕೊಟ್ಟಿದ್ದಲ್ಲ. ಬೆಟ್ಟ ಇಲ್ಲದೆ ಈ ತೋಟ ನಿಲ್ಲುವುದಿಲ್ಲ ಅಂತ ಕೊಟ್ಟಿದ್ದು.

ಕೊಟ್ಟಿಗೆಮನೆ · ಸಿದ್ದಾಪುರ

ಅಡಿಕೆ ಭಾವ, ನಿಮ್ಮ ಮನೆಯಲ್ಲಿ ಈಗ ಎಷ್ಟು ದನ ಇವೆ? ಹೆಚ್ಚಿನ ಮನೆಗಳಲ್ಲಿ ಒಂದೋ ಎರಡೋ. ಕೆಲವು ಕೊಟ್ಟಿಗೆಯಲ್ಲಿ ಬೈಕು ಕಟ್ಟಿದ್ದಾರೆ. ದರಕು ಬೇಕಾಗುವುದು ಮೊದಲಿನಷ್ಟಿಲ್ಲ, ಗುಡಿಸುವುದು ಮಾತ್ರ ಹಾಗೇ ನಡೆದಿದೆ. ಹಳ್ಳದ ಬದಿ ಬಿಟ್ಟು ಮೇಲೆ ಗುಡಿಸಿದರೆ ಯಾರಿಗೂ ಕಮ್ಮಿ ಬೀಳುವುದಿಲ್ಲ. ಹೊರೆ ಕಟ್ಟಿ ಹೊರುವವರು ನಾವು, ಲೆಕ್ಕ ನಮಗೆ ಗೊತ್ತಿದೆ.

ಬೆಟ್ಟದಂಚು ಅವರಿಗೆ ಒಂದು ಮಾತು. ನಿಮ್ಮ ಸಭೆಯಲ್ಲಿ ಹೆಂಗಸರು ಕೂತಿದ್ದರಾ? ಯಾವ ಮೂಲೆಯಲ್ಲಿ ನೀರು ಜಿನುಗುತ್ತದೆ, ಯಾವ ಗುಂಡಿ ಮೊದಲು ಒಣಗುತ್ತದೆ ಅನ್ನುವುದು ದಿನಾ ಅಲ್ಲಿ ಓಡಾಡುವವರಿಗೆ ಗೊತ್ತಿರುತ್ತದೆ.

ಬೆಟ್ಟದಂಚು · ಶಿರಸಿ

ಅಕ್ಕ, ಕೂತಿರಲಿಲ್ಲ. ಚಹಾ ಮಾಡಿ ಕೊಟ್ಟರು. ಮುಂದಿನ ಸಲ ಸಭೆಯೇ ಬೇಡ, ಎಲ್ಲರೂ ಒಟ್ಟಿಗೆ ಹಳ್ಳ ಹತ್ತೋಣ ಅಂತ ಹೇಳಿದ್ದೇನೆ.

ಇಂಗುಗುಂಡಿ ಬಗ್ಗೆ ಯಾರಾದರೂ ಹೇಳಿ. ನಮ್ಮ ಬೆಟ್ಟದ ನೆತ್ತಿಯಿಂದ ತೋಟದವರೆಗೆ ಸಾಲು ಸಾಲು ಹೊಡೆಯಬೇಕು ಅಂತ ಹುಡುಗರ ಲೆಕ್ಕ.

ಕಲ್ಲು-ಮಣ್ಣು · ಕಾರವಾರ

ದಯವಿಟ್ಟು ಸ್ವಲ್ಪ ತಡೆಯಿರಿ. ನಾನು ಭೂವಿಜ್ಞಾನ ಓದಿದವನು, ಈ ವಿಷಯದಲ್ಲಿ ನನಗೆ ಹೆದರಿಕೆ ಇದೆ.

ನಮ್ಮ ಜಿಲ್ಲೆಯ ತುಂಬ ಕಡೆ ಮೇಲೆ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ, ನೀರು ಸಲೀಸಾಗಿ ಇಳಿಯುತ್ತದೆ. ಶೇಡಿ ಮಣ್ಣಿಗೆ ಬಂದು ನಿಲ್ಲುತ್ತದೆ. ಅದು ನೆಂದು ನೆಂದು ಬೆಣ್ಣೆಯ ಹಾಗೆ ಆದಾಗ ಮೇಲಿನದೆಲ್ಲ ಜಾರುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಕ್ಕೆ ತೋಟವೇ ಜಾರಿತು. ಮರುವರ್ಷ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆ ಮೇಲೆ ಗುಡ್ಡ ಬಂತು. 2024ರ ಜುಲೈ 16ರ ಅಂಕೋಲಾದ ಶಿರೂರಿನ ಗುಡ್ಡ ಕುಸಿತ ಯಾರಿಗೂ ಮರೆಯುವಂಥದ್ದಲ್ಲ. ಒಂದೊಂದರ ಕಾರಣ ಒಂದೊಂದು. ಗುಡ್ಡದ ಬುಡ ಕಡಿದಿದ್ದೂ ಇದೆ, ಒಮ್ಮೆಲೇ ಸುರಿದ ಮಳೆಯೂ ಇದೆ. ಆದರೆ ಎಲ್ಲ ಕಡೆ ಗುಡ್ಡದೊಳಗೆ ತುಂಬಿಕೊಂಡ ನೀರೇ ಕೊನೆಯ ಹೊಡೆತ ಕೊಟ್ಟಿದ್ದು.

ಹಾಗಾಗಿ ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ಬೇಡವೇ ಬೇಡ. ಮನೆಯ ಹಿಂದಿನ ದರೆ ಮೇಲೆ, ರಸ್ತೆಗೆ ಕಡಿದ ಗುಡ್ಡದ ಮೇಲೆ ಒಂದು ಹಾರೆ ಮಣ್ಣೂ ತೆಗೆಯಬೇಡಿ. ನೆಲದಲ್ಲಿ ಬಿರುಕು, ಒಂದೇ ಕಡೆಗೆ ವಾಲಿದ ಮರಗಳು, ಹೊಸದಾಗಿ ಕೆಸರು ನೀರು ಒಸರುವ ಜಾಗ, ಇವು ಕಂಡರೆ ಆ ಕಡೆ ಕೆಲಸ ಬಿಡಿ. ಮಳೆಗಾಲದಲ್ಲಿ ಅಲ್ಲಿ ಓಡಾಟವನ್ನೂ ಬಿಡಿ.

ಸಮತಟ್ಟಾದ ನೆತ್ತಿ ಇದ್ದರೆ, ಸಣ್ಣ ಇಳಿಜಾರು ಇದ್ದರೆ ಮಾಡಬಹುದು. ಅಲ್ಲೂ ಗುಂಡಿ ಅಡ್ಡಸಾಲಿನಲ್ಲಿ, ಒಂದೇ ಮಟ್ಟದಲ್ಲಿ ಇರಬೇಕು. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪಿಗೆ ನೀರು ತುಂಬಿ ಗೆರೆ ಹಾಕಿ. ಕಣ್ಣಂದಾಜಿಗೆ ತೋಡಿದರೆ ಗುಂಡಿ ಒಂದು ಬದಿಗೆ ತುಂಬಿ ಒಡೆಯುತ್ತದೆ. ಒಂದು ಒಡೆದರೆ ಅದರ ಕೆಳಗಿನದೂ ಒಡೆಯುತ್ತದೆ. ಕಡೆಗೆ ಅದೇ ಒಂದು ಹೊಸ ಹಳ್ಳ.

ಅಡಿಕೆ ಭಾವ · ಶಿರಸಿ

ಇಷ್ಟು ವರ್ಷ ಇಂಗುಗುಂಡಿ ತೋಡಿ ಅಂತ ಊರೂರಿಗೆ ಬಂದು ಭಾಷಣ ಮಾಡಿದರು. ಉದ್ಯೋಗ ಖಾತ್ರಿಯಲ್ಲೂ ತೋಡಿಸಿದರು. ಈಗ ಗುಡ್ಡ ಜಾರುತ್ತದೆ ಅನ್ನುತ್ತೀರಿ. ಜನ ಯಾರ ಮಾತು ಕೇಳಬೇಕು?

ಕಲ್ಲು-ಮಣ್ಣು · ಕಾರವಾರ

ಇಬ್ಬರದೂ ಕೇಳಬೇಕು ಭಾವ. ಬಯಲುಸೀಮೆಗೆ ಸರಿಯಾದ ಅಳತೆ ಘಟ್ಟದ ಇಳಿಜಾರಿಗೆ ಸರಿಯಾಗಬೇಕೆಂದಿಲ್ಲ, ಅಲ್ವಾ? ಬೇಕಾದರೆ ಲೆಕ್ಕವನ್ನೇ ನೋಡಿ. ಎಂಟು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ಒಮ್ಮೆ ತುಂಬಿದರೆ ಸುಮಾರು 900 ಲೀಟರ್. ವರ್ಷಕ್ಕೆ 2500 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆ ಬೆಟ್ಟದ ಮೇಲೆ ಬೀಳುವ ನೀರು ಒಂದು ಕೋಟಿ ಲೀಟರ್. ಗುಂಡಿ ತೋಡಿ ಇದನ್ನೆಲ್ಲ ಹಿಡಿಯಲು ಆಗುವುದಿಲ್ಲ. ಬೆಟ್ಟದ ಮಣ್ಣೇ ಕುಡಿಯಬೇಕು. ಮಣ್ಣು ಕುಡಿಯಬೇಕಾದರೆ ಅದರ ಮೇಲೆ ದರಕು ಇರಬೇಕು, ಒಳಗೆ ಬೇರು, ಗೆದ್ದಲು, ಎರೆಹುಳ ಓಡಾಡಿದ ದಾರಿ ಇರಬೇಕು. ನಮ್ಮ ಜಿಲ್ಲೆಯಲ್ಲೇ ಸಹಜ ಕಾಡು, ಹಾಳಾದ ಕಾಡು, ಅಕೇಶಿಯಾ ನೆಡುತೋಪು ಮೂರರಲ್ಲೂ ನೀರು ಇಂಗುವ ವೇಗ ಅಳೆದಿದ್ದಾರೆ. ಸಹಜ ಕಾಡಿನ ಮಣ್ಣಿನದೇ ಮೇಲುಗೈ.

ಕಾನಮನೆಯವರ ಇಪ್ಪತ್ತು ಮಾರು ಜಾಗ ನನ್ನ ಪ್ರಕಾರ ನೂರು ಗುಂಡಿಗಿಂತ ಮೇಲು.

ಸಿದ್ದಾಪುರದ ಮೇಷ್ಟ್ರು

ಅದಕ್ಕೆ ಇನ್ನೊಂದು ಆಧಾರ ಸೇರಿಸುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಕಡೆಯ ಹಳ್ಳ ಹೊಳೆಗಳನ್ನು ನೋಡಿ ಹೇಳಿದ್ದು ಹೀಗೆ: ಜಲಾನಯನದಲ್ಲಿ ಶೇಕಡಾ 60ಕ್ಕಿಂತ ಜಾಸ್ತಿ ಸ್ಥಳೀಯ ಜಾತಿಯ ಕಾಡು ಇದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ. ಅದಕ್ಕಿಂತ ಕಮ್ಮಿ ಇದ್ದಲ್ಲಿ ಮಳೆಗಾಲ ಮುಗಿದು ಕೆಲವೇ ತಿಂಗಳಿಗೆ ನಿಲ್ಲುತ್ತದೆ.

ಬೆಟ್ಟದಂಚು ಅವರೇ, ಏನೇ ಮಾಡುವ ಮೊದಲು ಹಳ್ಳ ಅಳೆಯಿರಿ. ಅಳೆಯದೆ ಕೆಲಸ ಮಾಡಿದರೆ ಐದು ವರ್ಷದ ಮೇಲೆ ‘ನೀರು ಜಾಸ್ತಿಯಾದ ಹಾಗೆ ಕಾಣುತ್ತದೆ’ ಅನ್ನುವುದು ಬಿಟ್ಟು ಬೇರೇನೂ ಹೇಳಲು ಬರುವುದಿಲ್ಲ.

ನಮ್ಮ ಶಾಲೆ ಮಕ್ಕಳು ಅಳೆಯುವುದು ಹೀಗೆ. ಹಳ್ಳ ಕಿರಿದಾಗುವ ಜಾಗ ನೋಡಿ ಕಲ್ಲು, ಜಿಗುಟು ಮಣ್ಣು ಸೇರಿಸಿ ಮೊಣಕಾಲೆತ್ತರದ ಒಡ್ಡು ಹಾಕಿ. ನಡುವೆ ನೀರು ಹರಿಯಲು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಇಡಿ. ದಬ್ಬೆಯ ಅಡಿಯಲ್ಲಿ, ಪಕ್ಕದಲ್ಲಿ ಒಸರುವ ನೀರನ್ನು ಮಣ್ಣು ಮೆತ್ತಿ ನಿಲ್ಲಿಸಿ. ಈಗ ಹಳ್ಳದ ನೀರೆಲ್ಲ ದಬ್ಬೆಯಲ್ಲೇ ಬೀಳಬೇಕು. 15 ಲೀಟರಿನ ಬಕೆಟ್ ಹಿಡಿಯಿರಿ, ಮೊಬೈಲಿನಲ್ಲಿ ಸೆಕೆಂಡು ನೋಡಿ. ಮೂರು ಸಲ ಹಿಡಿದು ಸರಾಸರಿ ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ, ಅದೇ ಜಾಗದಲ್ಲಿ, ಬೆಳಿಗ್ಗೆ ಪಂಪು ಶುರುವಾಗುವ ಮೊದಲು. ಈ ಕೊನೆಯ ಮಾತು ಮುಖ್ಯ.

ಬಕೆಟ್ 10 ಸೆಕೆಂಡಿಗೆ ತುಂಬಿದರೆ ದಿನಕ್ಕೆ ಸುಮಾರು 1 ಲಕ್ಷ 30 ಸಾವಿರ ಲೀಟರ್. 40 ಸೆಕೆಂಡು ಬೇಕಾದರೆ 32 ಸಾವಿರ. ಜೊತೆಗೆ ಒಂದು ಮಳೆಮಾಪಕ ಇಟ್ಟುಕೊಳ್ಳಿ. ನಮ್ಮ ಕಡೆ ಅಡಿಕೆ ಬೆಳೆಗಾರರಲ್ಲಿ ಮಳೆ ಬರೆದಿಡುವ ಅಭ್ಯಾಸ ಮೊದಲಿಂದಲೂ ಇದೆ. ಯಾರ ಮನೆಯಲ್ಲಾದರೂ ಹಳೆಯ ಡೈರಿ ಸಿಕ್ಕರೆ ಭಾಗ್ಯ.

ಗದ್ದೆ ಬದು · ಶಿರಸಿ

ಮೇಷ್ಟ್ರು ಪಂಪಿನ ಹೆಸರು ಎತ್ತಿದರು. ಇಷ್ಟು ಹೊತ್ತು ಯಾರೂ ಎತ್ತಿರಲಿಲ್ಲ.

ನಾನು ನೇರವಾಗಿ ಹೇಳುತ್ತೇನೆ, ಬೇಜಾರಾದರೆ ಆಗಲಿ. ಬೆಟ್ಟ ಮೊದಲೂ ಬೋಳಾಗಿತ್ತು. ಸೊಪ್ಪು ಕಡಿಯುವುದು ಇಂದು ನಿನ್ನೆಯದಲ್ಲ. ಆಗಲೂ ಹಳ್ಳ ಹರಿಯುತ್ತಿತ್ತು. ಬದಲಾಗಿದ್ದು ಕೆಳಗೆ. ಗದ್ದೆ ಹೋಗಿ ತೋಟ ಆಯಿತು. ಗದ್ದೆಯಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಬದು ಕಟ್ಟಿ ನೀರು ನಿಲ್ಲಿಸುತ್ತಿದ್ದೆವು. ಈಗ ಅದೇ ಗದ್ದೆಯಲ್ಲಿ ಅಡಿಕೆ ಹಾಕಿ, ಬೇರು ಕೊಳೆಯಬಾರದು ಅಂತ ಆಳವಾದ ಬಸಿಗಾಲುವೆ ತೆಗೆದು, ನಿಂತ ನೀರನ್ನು ಅಂದಂದೇ ಹೊಳೆಗೆ ಬಿಡುತ್ತೇವೆ. ಮಳೆಗಾಲದಲ್ಲಿ ಬಸಿದು ಬಿಟ್ಟಿದ್ದನ್ನು ಬೇಸಿಗೆಯಲ್ಲಿ ಬೋರ್ ಹಾಕಿ ಹುಡುಕುತ್ತೇವೆ.

ಮೇಷ್ಟ್ರ ಲೆಕ್ಕವನ್ನೇ ಮುಂದುವರಿಸುತ್ತೇನೆ. ಎಕರೆಗೆ 550 ಅಡಿಕೆ ಮರ, ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಕೊಟ್ಟರೂ ಮರಕ್ಕೆ ದಿನಕ್ಕೆ 18 ಲೀಟರ್ ಅಂತ ಹಿಡಿಯಿರಿ. ಎಕರೆಗೆ 10 ಸಾವಿರ ಲೀಟರ್ ಆಯಿತು. ಹಳ್ಳದಲ್ಲಿ 32 ಸಾವಿರ ಲೀಟರ್ ಇದ್ದರೆ ಮೂರು ಎಕರೆಗೆ ಮುಗಿಯಿತು. ನಿಮ್ಮ ಹಳ್ಳದ ಮೇಲೆ ಎಷ್ಟು ಎಕರೆ ಕೂತಿದೆ? ಎಷ್ಟು ಪಂಪು? ಬೆಟ್ಟದಲ್ಲಿ ಏನೇ ಮಾಡಿ ಇಂಗಿಸಿದರೂ ಕೆಳಗೆ ಪೈಪೋಟಿಯಲ್ಲಿ ಎಳೆದರೆ ಹಳ್ಳಕ್ಕೆ ಬರುವುದೇನು?

ಬೆಟ್ಟದಂಚು · ಶಿರಸಿ

ಎಕರೆ ಲೆಕ್ಕ ಇಲ್ಲಿ ಬರೆಯಲಾರೆ, ಕೇರಿಯವರೂ ಓದುತ್ತಿದ್ದಾರೆ 🙂 ಮೂರಕ್ಕಿಂತ ಬಹಳ ಜಾಸ್ತಿ ಅಂತ ಇಟ್ಟುಕೊಳ್ಳಿ.

ಅಡಿಕೆ ಭಾವ · ಶಿರಸಿ

ಗದ್ದೆ ಬದು ಅವರೇ, ಗದ್ದೆ ಮಾಡಿ ಬದುಕಿ ತೋರಿಸಿ. ಆಳಿಲ್ಲ, ಹಂದಿ ಕಾಟ, ನವಿಲು ಕಾಟ. ಭತ್ತದ ದರ ನಿಮಗೇ ಗೊತ್ತು. ತೋಟ ಮಾಡಿದವರನ್ನು ಕಳ್ಳರ ಹಾಗೆ ನೋಡಬೇಡಿ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟದವರ ಪಾಡೂ ಅಷ್ಟಕ್ಕಷ್ಟೇ.

ಗದ್ದೆ ಬದು · ಶಿರಸಿ

ಕಳ್ಳರು ಅಂದಿಲ್ಲ. ನನಗೂ ತೋಟ ಇದೆ. ನಮ್ಮ ನಾಲ್ಕು ಮನೆಯವರು ಪಾಳಿ ಮಾಡಿಕೊಂಡಿದ್ದೇವೆ. ಜನವರಿ ನಂತರ ಒಬ್ಬರಿಗೆ ಒಂದು ದಿನ. ಮರದ ಬುಡಕ್ಕೆ ಸೊಪ್ಪು, ಸೋಗೆ, ಅಡಿಕೆ ಸಿಪ್ಪೆ ದಪ್ಪಗೆ ಹಾಸಿದರೆ ನೀರು ಕೊಡುವ ದಿನವನ್ನೂ ದೂರ ಮಾಡಬಹುದು. ಸಿಪ್ಪೆಯನ್ನು ರಸ್ತೆ ಬದಿಗೆ, ಹಳ್ಳಕ್ಕೆ ಸುರಿಯುವುದೂ ತಪ್ಪುತ್ತದೆ. ಪಾಳಿಗೆ ಒಪ್ಪಿಸುವುದು ಗುಂಡಿ ತೋಡುವುದಕ್ಕಿಂತ ಕಷ್ಟ. ಅದಕ್ಕೇ ಎಲ್ಲರೂ ಗುಂಡಿ ತೋಡುತ್ತಾರೆ.

ತದಡಿ ದೋಣಿ · ಕುಮಟಾ

ಘಟ್ಟದ ಮೇಲಿನವರ ಮಾತೆಲ್ಲ ಓದಿದೆ. ಕೆಳಗಿನವರದೂ ಸ್ವಲ್ಪ ಕೇಳಿ.

ನೀವು ಹಳ್ಳಕ್ಕೆ ಒಡ್ಡು ಹಾಕುತ್ತೀರಲ್ಲ, ಈಗೀಗ ಕಲ್ಲು ಮಣ್ಣು ಬಿಟ್ಟು ಗೊಬ್ಬರದ ಚೀಲ, ಸಿಮೆಂಟಿನ ಚೀಲದಲ್ಲಿ ಮರಳು ತುಂಬಿ ಕಟ್ಟುತ್ತೀರಿ. ಬಿಸಿಲಿಗೆ ಆ ಚೀಲ ಪುಡಿಯಾಗುತ್ತದೆ. ಮಳೆಗಾಲದಲ್ಲಿ ಎಲ್ಲ ಕೊಚ್ಚಿ ನಮ್ಮ ಕಡೆ ಬರುತ್ತದೆ. ಬಲೆ ಎಳೆದರೆ ಬಿಳಿ ಬಿಳಿ ಎಳೆ ಸುತ್ತಿಕೊಂಡಿರುತ್ತದೆ, ಬಿಡಿಸಲು ಕೂತರೆ ಹೊತ್ತೇ ಹೋಗುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿಗೆ ಸಿಕ್ಕಿದ್ದನ್ನಂತೂ ಬಿಡಿಸಲು ಆಗುವುದೇ ಇಲ್ಲ. ಚೀಲದ ಒಡ್ಡೇ ಹಾಕುವುದಾದರೆ ಮೇ ಕೊನೆಗೆ ಬಿಚ್ಚಿ, ಖಾಲಿ ಮಾಡಿ, ಲೆಕ್ಕ ಮಾಡಿ ಮನೆಗೆ ತೆಗೆದುಕೊಂಡು ಹೋಗಿ. ಹಾಕಿದ್ದೆಷ್ಟು, ತೆಗೆದಿದ್ದೆಷ್ಟು ಅಂತ ಒಬ್ಬರು ಬರೆದುಕೊಳ್ಳಲಿ.

ಇನ್ನೊಂದು. ಹೊಳೆ ನೀರು ಸಮುದ್ರಕ್ಕೆ ಹೋಗಿ ಹಾಳಾಗುತ್ತದೆ ಅಂತ ಹೇಳುವವರು ಒಮ್ಮೆ ನಮ್ಮ ಅಳಿವೆಗೆ ಬರಲಿ. ಸಿಹಿನೀರು ಬಂದು ಉಪ್ಪುನೀರಿಗೆ ಸೇರುವುದಕ್ಕೇ ಇಲ್ಲಿ ಬಳಚು (ಚಿಪ್ಪಿಮೀನು) ಬೆಳೆಯುತ್ತದೆ, ಶೆಟ್ಲಿ (ಸೀಗಡಿ) ಬರುತ್ತದೆ. ಮಾಣಿಕಟ್ಟಾ ಗಜನಿಯಲ್ಲಿ (ಅಳಿವೆ ಬದಿಯ ಉಪ್ಪುನೀರಿನ ಗದ್ದೆಯಲ್ಲಿ) ಕಗ್ಗ ಭತ್ತ ಬೆಳೆಯುವುದೂ ಇದರಿಂದಲೇ. ಕಗ್ಗ ಉಪ್ಪು ತಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮಳೆಗಾಲದ ನೀರು ಗಜನಿಯ ಉಪ್ಪನ್ನು ಮೊದಲು ತೊಳೆಯಬೇಕು, ಆಮೇಲೆ ಬೀಜ. ಕೊಯ್ಯುವಾಗ ತೆನೆ ಮಾತ್ರ ತೆಗೆದು ಹುಲ್ಲು ಅಲ್ಲೇ ಬಿಡುತ್ತಾರೆ. ಅದು ಕೊಳೆತು ಶೆಟ್ಲಿಗೆ, ಮೀನಿಗೆ ಆಹಾರ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4801 ಹೆಕ್ಟೇರ್. ಬೋರ್ಡು ಅಳಿವೆಯಲ್ಲಿ, ನೀರು ಬರಬೇಕಾಗಿದ್ದು ನಿಮ್ಮ ಬೆಟ್ಟದಿಂದ.

ಬೇಸಿಗೆಯಲ್ಲಿ ಹೊಳೆಯ ಹರಿವು ಕಮ್ಮಿಯಾದಷ್ಟೂ ಭರತಕ್ಕೆ ಉಪ್ಪುನೀರು ಮೇಲೆ ಮೇಲೆ ಏರುತ್ತದೆ. ದಂಡೆಯ ಬಾವಿ ಸವಳಾಗುತ್ತದೆ. ಕುಮಟಾ, ಹೊನ್ನಾವರ ಪೇಟೆಗೆ ಕುಡಿಯುವ ನೀರು ಹೋಗುವುದೂ ಇದೇ ಹೊಳೆಯಿಂದ.

ದೂರದ ಶಿರಸಿಗ · ಬೆಂಗಳೂರು

ಚೀಲದ ವಿಷಯ ಗೊತ್ತೇ ಇರಲಿಲ್ಲ. ನಮ್ಮ ತೋಟದ ಒಡ್ಡೂ ಚೀಲದ್ದೇ. ಅಪ್ಪನಿಗೆ ಫೋನ್ ಮಾಡುತ್ತೇನೆ.

ಕೊಟ್ಟಿಗೆಮನೆ · ಸಿದ್ದಾಪುರ

ತದಡಿ ಅಣ್ಣ ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ಅಡಿಕೆ ಗೊನೆ ಕೊಯ್ಲು ಮುಗಿದು ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕಂದು ನೀರು, ಆ ಚೊಗರು, ಎಲ್ಲಿ ಸುರಿಯುತ್ತೀರಿ? ಆ ಹೊತ್ತಿಗೆ ಹಳ್ಳದಲ್ಲಿ ನೀರು ಮೊದಲೇ ಕಮ್ಮಿ. ಒಂದು ಹಂಡೆ ಚೊಗರು ಬಿದ್ದರೆ ಗುಂಡಿಯ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದಿನ ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುವವರೂ ಇದ್ದಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ತಾಮ್ರ ಮೀನಿಗೆ, ಏಡಿಗೆ ವಿಷ. ಡ್ರಮ್ ತೊಳೆದ ನೀರನ್ನು ಮರುದಿನದ ಮದ್ದಿಗೆ ಬಳಸಿ, ಇಲ್ಲವೇ ಹಳ್ಳದಿಂದ ದೂರ ಗುಂಡಿಗೆ ಹಾಕಿ. ಇದಕ್ಕೆ ಶ್ರಮದಾನವೂ ಬೇಡ, ಅನುದಾನವೂ ಬೇಡ.

ಸಹ್ಯಾದ್ರಿ ಕಾವಲು · ಯಲ್ಲಾಪುರ

ಬಕೆಟ್, ಚೀಲ, ಚೊಗರು ಅಂತ ಮಾತಾಡುತ್ತಾ ಕೂತಿದ್ದೀರಿ. ಅತ್ತ ಬೇಡ್ತಿಯನ್ನು ವರದೆಗೆ, ಅಘನಾಶಿನಿಯನ್ನು ವೇದಾವತಿಗೆ ತಿರುಗಿಸುವ ಯೋಜನೆ ಮೇಜಿನ ಮೇಲಿದೆ. ಹೊಳೆಯೇ ಹೋದರೆ ನಿಮ್ಮ ಹಳ್ಳ ಇದ್ದು ಏನು ಪ್ರಯೋಜನ? ಮೊದಲು ಹೋರಾಟಕ್ಕೆ ಬನ್ನಿ.

ನಿರ್ವಾಹಕ

ನದಿ ತಿರುವು ಯೋಜನೆಗೆ ಬೇರೆ ಚರ್ಚೆ ನಡೆಯುತ್ತಿದೆ. ಇಲ್ಲಿ ಹಳ್ಳದ ಕೆಲಸದ ಮಾತು ಮಾತ್ರ ಇರಲಿ.

ಸಿದ್ದಾಪುರದ ಮೇಷ್ಟ್ರು

ನಿರ್ವಾಹಕರೇ, ಒಂದೇ ಮಾತು ಹೇಳಿ ನಿಲ್ಲಿಸುತ್ತೇನೆ. ಎರಡೂ ಬೇರೆ ಅಲ್ಲ. ಯೋಜನೆ ಮಾಡುವವರ ವರದಿಯಲ್ಲಿ ‘ಹೆಚ್ಚುವರಿ ನೀರು’ ಅಂತ ಇರುತ್ತದೆ. ಮಾರ್ಚ್‌ನಲ್ಲಿ ನಮ್ಮ ಹಳ್ಳ ಎಷ್ಟು ಹರಿಯುತ್ತದೆ ಅಂತ ನಮ್ಮ ಕೈಯಲ್ಲಿ ಅಂಕಿ ಇಲ್ಲದಿದ್ದರೆ ‘ಇಲ್ಲ’ ಅನ್ನಲು ಬರೀ ಘೋಷಣೆ ಉಳಿಯುತ್ತದೆ. ಶಿರಸಿ ಪೇಟೆಗೆ ನೀರು ಬರುವುದು ಕೆಂಗ್ರೆ, ಮಾರಿಗದ್ದೆಯಿಂದ. ಬೇಸಿಗೆಯಲ್ಲಿ ಅಲ್ಲೇ ಪರದಾಟ. ಹೀಗಿರುವಾಗ ಹೆಚ್ಚುವರಿ ಎಲ್ಲಿಂದ ಬಂತು ಅಂತ ಅಂಕಿ ಹಿಡಿದು ಕೇಳೋಣ. ಅಘನಾಶಿನಿಗೆ ಮಂಜುಗುಣಿ ಕಡೆಯಿಂದ ಬಕೂರು ಹೊಳೆ, ಶಿರಸಿ ಶಂಕರಹೊಂಡದಿಂದ ದೋಣಿಹಳ್ಳ ಬರುತ್ತವೆ, ಎರಡರ ಉದ್ದಕ್ಕೂ ಊರಿಗೊಬ್ಬರು ಬಕೆಟ್ ಹಿಡಿದರೆ ಸಾಕು.

ಸಹ್ಯಾದ್ರಿ ಕಾವಲು · ಯಲ್ಲಾಪುರ

ಅಂಕಿಯ ಮಾತು ಒಪ್ಪಿದೆ ಮೇಷ್ಟ್ರೇ. ನಮ್ಮ ಬೇಡ್ತಿ ಕಡೆಯ ಹಳ್ಳಗಳಿಗೂ ಶುರು ಮಾಡುತ್ತೇವೆ. ಬರೆದಿಡುವ ಹಾಳೆಯ ಮಾದರಿ ಇದ್ದರೆ ಕಳಿಸಿ.

ಕಾನಮನೆ · ಸಿದ್ದಾಪುರ

ಬೆಟ್ಟದಂಚು ಭಾವ, ಮರೆಯುವ ಮೊದಲು ಒಂದು ಎಚ್ಚರಿಕೆ. ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕಿನ ಸವಲತ್ತು. ಜಾಗ ಅರಣ್ಯದ್ದು. ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ 2011ರಲ್ಲಿ ಸಿಂಗಳೀಕ ಸಂರಕ್ಷಿತ ಪ್ರದೇಶವೂ ಆಯಿತು, 2019ರಲ್ಲಿ ಅದನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಿದರು. ಮಣ್ಣು ಅಗೆಯುವ ಕೆಲಸ ಇದ್ದರೆ ಅರಣ್ಯ ಕಚೇರಿಗೆ ಮೊದಲೇ ಅರ್ಜಿ ಕೊಡಿ. ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ನಡಾವಳಿಯಲ್ಲಿ ಬರೆಸಿ. ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯ ದಾಖಲಾತಿಯಲ್ಲಿ ನಿಮ್ಮ ಹಳ್ಳದ ಹೆಸರು ಇದೆಯಾ ನೋಡಿ. ತುಂಬ ಕಡೆ ಹೊಳೆಯ ಹೆಸರು ಇರುತ್ತದೆ, ಹಳ್ಳದ್ದು ಇರುವುದಿಲ್ಲ. ಸೊಪ್ಪು ಕಡಿಯದೆ ಬಿಡಲು ಮಾತ್ರ ಯಾರ ಅಪ್ಪಣೆಯೂ ಬೇಡ!

ಬೆಟ್ಟದಂಚು · ಶಿರಸಿ

ಎಲ್ಲರಿಗೂ ಉಪಕಾರ ಆಯಿತು. ನಿನ್ನೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಸೇರಿ ಹಳ್ಳದ ಹುಟ್ಟಿನ ತನಕ ಹತ್ತಿದೆವು. ಕೊಟ್ಟಿಗೆಮನೆ ಅಕ್ಕ ಹೇಳಿದ್ದು ಸರಿ. ಒರತೆ ಇರುವ ಜಾಗ ನಮ್ಮ ಅತ್ತಿಗೆಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಬೆತ್ತದ ಮೆಳೆಯ ಹಿಂದೆ, ದೊಡ್ಡ ಬಂಡೆಯ ಬುಡದಲ್ಲಿ ಒಂದು ಅಬ್ಬಿ. ಅಲ್ಲಿ ಈಗಲೂ ಬೆರಳು ಗಾತ್ರದ ನೀರು ಬರುತ್ತಿದೆ. ಅದರ ಮೇಲ್ಗಡೆ ಎರಡು ಮನೆಯವರ ಬೆಟ್ಟ, ಪೂರ್ತಿ ಗುಡಿಸಿ ಅಂಗಳದ ಹಾಗಾಗಿದೆ. ಮಣ್ಣು ಕೆಂಪಗೆ ಗಟ್ಟಿ. ಕೊಡದಲ್ಲಿ ನೀರು ಒಯ್ದು ಸುರಿದು ನೋಡಿದೆವು. ಅರ್ಧಕ್ಕರ್ಧ ಇಳಿಜಾರಿನಲ್ಲಿ ಓಡಿತು. ಹತ್ತು ಮಾರು ಆಚೆ, ದರಕು ಇದ್ದ ಮುರುಗಲು ಮರದ ಅಡಿಯಲ್ಲಿ ಸುರಿದಿದ್ದು ಅಲ್ಲೇ ಮಾಯ. ಹುಡುಗರು ಮೂರು ಸಲ ಸುರಿಸಿದರು, ಮೂರು ಸಲವೂ ಹಾಗೇ. ಇಂಗುಗುಂಡಿಯ ಮಾತು ಅಲ್ಲಿಗೆ ತಣ್ಣಗಾಯಿತು.

ಆ ಎರಡು ಮನೆಯವರಲ್ಲಿ ಒಬ್ಬರು ಹಳ್ಳದ ಬದಿ ಬಿಡಲು ಒಪ್ಪಿದ್ದಾರೆ. ಇನ್ನೊಬ್ಬರು ‘ಒಂದು ವರ್ಷ ನೋಡೋಣ’ ಅಂದಿದ್ದಾರೆ. ಅವರಿಗೆ ಬೇಕಾದ ದರಕನ್ನು ಬೇರೆಯವರ ಬೆಟ್ಟದಿಂದ ಕೊಡುವುದು ಅಂತ ಮಾತಾಗಿದೆ. ನೆತ್ತಿಯ ಸಮತಟ್ಟಿನಲ್ಲಿ ಮಾತ್ರ, ಅರಣ್ಯ ಕಚೇರಿ ಒಪ್ಪಿದರೆ, ಐದಾರು ಗುಂಡಿ. ಮೇ ಕೊನೆಯ ಭಾನುವಾರ ಚೀಲದ ಒಡ್ಡು ಬಿಚ್ಚುವ ಕೆಲಸ. ಬಕೆಟ್ ಲೆಕ್ಕ ನಮ್ಮ ಅತ್ತಿಗೆ ಮತ್ತು ಹೈಸ್ಕೂಲಿನ ಇಬ್ಬರು ಮಕ್ಕಳದ್ದು.

ಪಂಪಿನ ಪಾಳಿ ಇನ್ನೂ ಆಗಿಲ್ಲ. ಆ ಮಾತು ಎತ್ತಿದ ಕೂಡಲೇ ಇಬ್ಬರು ಎದ್ದು ಹೋದರು. ಗದ್ದೆ ಬದು ಅವರೇ, ನಿಮ್ಮ ನಾಲ್ಕು ಮನೆಯವರನ್ನು ಹೇಗೆ ಒಪ್ಪಿಸಿದಿರಿ ಅಂತ ಬರೆಯಿರಿ.

ಗದ್ದೆ ಬದು · ಶಿರಸಿ

ಒಪ್ಪಿಸಿದ್ದು ನಾನಲ್ಲ. ಹಳ್ಳ ಪೂರ್ತಿ ನಿಂತ ವರ್ಷ ನಾಲ್ಕೂ ಪಂಪು ಗಾಳಿ ಎಳೆದವು. ಆಗ ತಾವೇ ಬಂದು ಕೂತರು. ನಿಮ್ಮವರ ಮುಂದೆ ಬಕೆಟ್ ಲೆಕ್ಕ ಇಡಿ. ಪಂಪು ಓಡುವ ಮೊದಲೊಮ್ಮೆ, ಓಡಿದ ಮೇಲೊಮ್ಮೆ ಅಳೆಯಿರಿ. ಹೆಸರು ಹೇಳಬೇಡಿ, ಅಂಕಿ ಮಾತ್ರ ಓದಿ. ನಾನು ಬೇಕಾದರೆ ಒಂದು ಸಂಜೆ ಬರುತ್ತೇನೆ. ಹೊರಗಿನವನ ಮಾತಿಗೆ ಸ್ವಲ್ಪ ಬೆಲೆ ಜಾಸ್ತಿ.

ಅಡಿಕೆ ಭಾವ · ಶಿರಸಿ

ಗದ್ದೆ ಬದು ಅವರು ಬಂದರೆ ನನಗೂ ತಿಳಿಸಿ. ಪಾಳಿ ಪೂರ್ತಿ ಒಪ್ಪಿದೆ ಅಂತಲ್ಲ, ಕೇಳುವುದಕ್ಕೆ ಏನು.

ತದಡಿ ದೋಣಿ · ಕುಮಟಾ

ಚೀಲ ಬಿಚ್ಚುವ ಭಾನುವಾರ ನಾವು ನಾಲ್ಕೈದು ಜನ ಹತ್ತಿ ಬರುತ್ತೇವೆ. ದೋಣಿ ಆ ಹೊತ್ತಿಗೆ ದಡದಲ್ಲೇ ಇರುತ್ತದೆ. ಒಣ ಶೆಟ್ಲಿ ತರಬೇಕು ಅಂತಿತ್ತು, ನಿಮ್ಮ ಅಡುಗೆಮನೆಯಲ್ಲಿ ನಡೆಯಲಿಕ್ಕಿಲ್ಲ ಅಲ್ವಾ?

ಬೆಟ್ಟದಂಚು · ಶಿರಸಿ

ಅಡುಗೆಮನೆಯಲ್ಲಿ ನಡೆಯುವುದಿಲ್ಲ ಮಾರಾಯ್ರೆ, ಕೇರಿಯಲ್ಲಿ ಕೊಳ್ಳುವವರು ಇದ್ದಾರೆ, ತನ್ನಿ. ಊಟಕ್ಕೆ ಅಪ್ಪೆಹುಳಿ ಅನ್ನ. ದೂರದ ಶಿರಸಿಗರೇ, ನಿಮ್ಮ ಬಸ್ಸು ಜೂನ್‌ಗೆ ಬೇಡ, ಅದೇ ಭಾನುವಾರಕ್ಕೆ ಬರಲಿ. ಹಾರೆ, ಪಿಕಾಸಿ ನಮ್ಮಲ್ಲಿ ಇವೆ. ಕೈಗವಸು ಮಾತ್ರ ತನ್ನಿ, ಹಳೆಯ ಚೀಲದಲ್ಲಿ ಚೇಳು ಇರುತ್ತವೆ.